ಬಂದಷ್ಟೇ ಗಾಳಿ ಹೋಗಬೇಕು: ಲೆಟರ್‌ಕೆನ್ನಿ ಮನೆಗಳ ಲೆಕ್ಕ

ಐರ್ಲೆಂಡಿನ ಡೊನೆಗಾಲ್ ಕೌಂಟಿಯ ಲೆಟರ್‌ಕೆನ್ನಿಯಲ್ಲಿ ಹೊಸ ಮನೆಗಳನ್ನ ಬಿಸಿ ಹೊರಹೋಗದ ಹಾಗೆ ಬಿಗಿಯಾಗಿ ಕಟ್ತಾರೆ. ಸರಿ, ಆದ್ರೆ ಒಗ್ಗರಣೆ ಘಾಟು, ಸ್ನಾನದ ಹಬೆ, ಮಳೆಗಾಲವೇ ಮುಗಿಯದ ಊರಲ್ಲಿ ಒಳಗೇ ಒಣಗೋ ಬಟ್ಟೆಯ ತೇವ, ಇವೆಲ್ಲ ಎಲ್ಲಿಗೆ ಹೋಗಬೇಕು?

ಅದಕ್ಕೇ ಅಂಥ ಎಷ್ಟೋ ಮನೆಗಳಲ್ಲಿ ಎಂವಿಎಚ್‌ಆರ್ ಅನ್ನೋ ಯಂತ್ರ ಇರುತ್ತೆ. ಒಂದು ಫ್ಯಾನು ಅಡುಗೆಮನೆ, ಬಚ್ಚಲಿನ ಗಾಳಿಯನ್ನು ಹೊರಹಾಕುತ್ತೆ. ಇನ್ನೊಂದು ಹೊರಗಿನ ಗಾಳಿಯನ್ನು ಮಲಗೋ ಕೋಣೆ, ಹಾಲ್‌ಗೆ ತರುತ್ತೆ. ಎರಡೂ ಗಾಳಿ ಬೆರೆಯೋದಿಲ್ಲ, ಬಿಸಿ ಮಾತ್ರ ಒಂದರಿಂದ ಇನ್ನೊಂದಕ್ಕೆ ದಾಟುತ್ತೆ. ಎಷ್ಟು ಗಾಳಿ ಬೇಕು? ಐರ್ಲೆಂಡಿನ ಮಾರ್ಗಸೂಚಿಯಲ್ಲಿ ಸೆಕೆಂಡಿಗೆ 5 ಲೀಟರ್, ಅದರ ಮೇಲೆ ತಲೆಗೆ 4 ಲೀಟರ್. ಐದು ಜನರಿಗೆ 25.

ಅಪಾರ್ಟ್‌ಮೆಂಟಿನಲ್ಲಿ ಕೆಳಗಿನವರು ನಲ್ಲಿ ಪೂರ್ತಿ ಬಿಟ್ರೆ ಮೇಲಿನವರ ನಲ್ಲಿ ಸೊರಗುತ್ತಲ್ಲ, ಇಲ್ಲೂ ಹಾಗೇ. ಫ್ಯಾನಿಗೆ ಹತ್ತಿರದ ಕೋಣೆಗೆ ಹೆಚ್ಚು ಗಾಳಿ, ದೂರದ್ದಕ್ಕೆ ಕಡಿಮೆ. ಅದಕ್ಕೆ ತಂತ್ರಜ್ಞರು ಪ್ರತಿ ವಾಲ್ವ್‌ಗೂ ಆಲಿಕೆಯಂಥ ಮೀಟರ್ ಹಿಡಿದು ಅಳೀತಾರೆ, ಒಂಚೂರು ತಿರುಗಿಸ್ತಾರೆ. ಒಂದನ್ನ ಬಿಗಿ ಮಾಡಿದ್ರೆ ಉಳಿದವು ಏರುತ್ವೆ, ಹಾಗಾಗಿ ಇಡೀ ಮನೆ ಎರಡು ಮೂರು ಸಲ ಸುತ್ತಬೇಕು. ಕೊನೆಗೆ ಬರೋ ಗಾಳಿಯ ಮೊತ್ತ, ಹೋಗೋ ಗಾಳಿಯ ಮೊತ್ತ ಸಮ ಬರಬೇಕು. ತಾಳ್ಮೆಯ ಕೆಲಸ, ಅವಸರದಲ್ಲಿ ಕೆಡೋದು ಇದೇ.

ಆಮೇಲೆ ಚಳಿಗಾಲ ಬರುತ್ತೆ. ಮಂಚದ ಮೇಲೆ ತಣ್ಣನೆ ಗಾಳಿ ಬೀಳ್ತಿದೆ ಅಂತ ಯಾರೋ ವಾಲ್ವ್ ಮುಚ್ಚಿಬಿಡ್ತಾರೆ. ಆ ಗಾಳಿ ಸ್ವಲ್ಪ ಬೇರೆ ಕೋಣೆಗೆ ಹೋಗುತ್ತೆ, ಆದ್ರೆ ಒಳಬರೋ ಮೊತ್ತ ಇಳಿಯುತ್ತೆ. ಸೆಕೆಂಡಿಗೆ 5 ಲೀಟರ್ ಕಡಿಮೆಯಾಯ್ತು ಅಂದ್ಕೊಳ್ಳಿ: ಗಂಟೆಗೆ 18 ಸಾವಿರ ಲೀಟರ್! ಹೊರಹಾಕೋ ಫ್ಯಾನು ಮಾತ್ರ ನಿಂತಿಲ್ಲ. ಮನೆ ಸಿಕ್ಕ ಸಂದಿಯಿಂದ ಗಾಳಿ ಎಳೆದುಕೊಳ್ಳುತ್ತೆ, ನೆಲದ ಬಿರುಕುಗಳಿಂದಲೂ. ಒಳಬರೋ ಕಡೆಯ ಫಿಲ್ಟರ್ ಧೂಳು ಕಟ್ಟಿದ್ರೂ ಇದೇ ಆಗಬಹುದು, ಅದೂ ಯಾರಿಗೂ ಗೊತ್ತಾಗದ ಹಾಗೆ.

ನೆಲದಿಂದ ಬರೋ ಗಾಳಿಯಲ್ಲಿ ರೇಡಾನ್ ಇರಬಹುದು. ಕಲ್ಲು, ಮಣ್ಣಿನ ಯುರೇನಿಯಂನಿಂದ ಹುಟ್ಟೋ ವಿಕಿರಣಶೀಲ ಅನಿಲ, ಬಣ್ಣ ವಾಸನೆ ಇಲ್ಲ. ಐರ್ಲೆಂಡಿನಲ್ಲಿ ವರ್ಷಕ್ಕೆ ಸುಮಾರು 350 ಶ್ವಾಸಕೋಶ ಕ್ಯಾನ್ಸರ್ ಪ್ರಕರಣಗಳಿಗೆ ಇದರ ನಂಟಿದೆ. ಅಲ್ಲಿ ಮನೆಗಳಿಗೆ ಇಟ್ಟಿರೋ ಗೆರೆ ಘನ ಮೀಟರಿಗೆ 200 ಬೆಕೆರೆಲ್. ನಿಮ್ಮನೇಲಿ ಎಷ್ಟಿದೆ ಅನ್ನೋದು ಊಹೆಗೆ ಸಿಗಲ್ಲ: ಹಾಲ್‌ನಲ್ಲೊಂದು, ಮಲಗೋ ಕೋಣೇಲೊಂದು ಪುಟ್ಟ ಡಿಟೆಕ್ಟರ್ ಇಟ್ಟು ಮೂರು ತಿಂಗಳು ಬಿಡಬೇಕು.

ವಾಲ್ವ್ ಮುಟ್ಟೋ ಮುಂಚೆ ಕೋಣೆವಾರು ಅಳತೆಯ ಪಟ್ಟಿ ಕೇಳಿ. 2019ರ ನಿಯಮದ ಪ್ರಕಾರ ಹೊಸ ಮನೆಗಳಲ್ಲಿ ಯಂತ್ರ ಕೂರಿಸಿದವರಲ್ಲದೆ ಬೇರೊಬ್ಬರು ಬಂದು ಅಳೆದು ಖಚಿತಪಡಿಸಬೇಕು. ಗಾಳಿ ಮಂಚದ ಮೇಲೇ ಬೀಳ್ತಿದ್ರೆ ಮಂಚ ಸರಿಸಿ ನೋಡಿ, ಆಗಲ್ಲ ಅಂದ್ರೆ ಮೀಟರ್ ಇರೋರನ್ನ ಕರೆಸಿ.