ಮಗು ಕಲಿತುದೇನು? ಹೆತ್ತವರಿಗೆ ಸಲ್ಲಬೇಕಾದ ಲೆಕ್ಕ

ಮಕ್ಕಳನ್ನು ಪಾಠಶಾಲೆಗೆ ಕಳುಹಿಸಿರೆಂದು ತಂದೆತಾಯಿಗಳಿಗೆ ಅಪ್ಪಣೆ ಮಾಡುವುದನ್ನು ನಮ್ಮ ನಾಡಿನ ಆಡಳಿತವು ಬಹು ಹಿಂದೆಯೇ ಕಲಿತಿತು. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದಾಗ, 1913ರಲ್ಲಿ, ಪ್ರಾಥಮಿಕ ವಿದ್ಯಾಭ್ಯಾಸದ ಶಾಸನವು ಹೊರಟು, ಗೊತ್ತುಮಾಡಿದ ಪ್ರದೇಶಗಳಲ್ಲಿ ಮಕ್ಕಳ ಹಾಜರಿಯನ್ನು ಕಡ್ಡಾಯಪಡಿಸಲು ದಾರಿಯಾಯಿತು. ಆದರೆ ಕಳುಹಿಸಿದ ಮೇಲೆ ಮಗು ಕಲಿತುದೇನೆಂಬುದನ್ನು ಹೆತ್ತವರಿಗೆ ತಿಳಿಸುವುದು ಉಪಾಧ್ಯಾಯರ ಕರ್ತವ್ಯವೆಂಬ ಮಾತು ದೇಶಕ್ಕೆಲ್ಲ ಅನ್ವಯಿಸುವ ಕಾನೂನಿನಲ್ಲಿ ಸೇರಬೇಕಾದರೆ ಸುಮಾರು ಒಂದು ಶತಮಾನವೇ ಹಿಡಿಯಿತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯ 24ನೆಯ ಪ್ರಕರಣವು, ಉಪಾಧ್ಯಾಯರು ಪೋಷಕರೊಡನೆ ಕ್ರಮವಾಗಿ ಸಭೆ ನಡೆಸಿ, ಮಗುವಿನ ಹಾಜರಿ, ಕಲಿಯುವ ಶಕ್ತಿ ಮತ್ತು ಕಲಿಕೆಯಲ್ಲಿ ಆಗಿರುವ ಪ್ರಗತಿಯನ್ನು ಅವರಿಗೆ ಅರುಹತಕ್ಕದ್ದೆಂದು ವಿಧಿಸುತ್ತದೆ. ಈ ವಿಧಿಯು ಕಾಗದದಲ್ಲಿ ನಿಂತಿದೆಯೇ, ಮನೆಯ ಹೊಸ್ತಿಲನ್ನು ಮುಟ್ಟಿದೆಯೇ ಎಂಬುದೇ ಇಂದು ನಾವು ವಾಚಕರ ಮುಂದಿಡುವ ಪ್ರಶ್ನೆ.

ನಮ್ಮ ಕೊಡಿಗೇಹಳ್ಳಿಯನ್ನೇ ತೆಗೆದುಕೊಳ್ಳೋಣ. ಹೆಬ್ಬಾಳಕ್ಕೂ ಯಲಹಂಕಕ್ಕೂ ನಡುವೆ ಹಳ್ಳಿಯಾಗಿದ್ದ ಈ ಊರನ್ನು ನಗರವು ನುಂಗಿ ಬಹಳ ಕಾಲವಾಗಿಲ್ಲ. ಇಲ್ಲಿ ಹಳೆಯ ಒಕ್ಕಲು ಮನೆತನಗಳಿವೆ, ನೌಕರಿಯವರ ಬಡಾವಣೆಗಳಿವೆ, ರಾಯಚೂರು, ಯಾದಗಿರಿ, ಕಲಬುರಗಿಗಳ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಬಂದ ಕುಟುಂಬಗಳೂ ಬೆಂಗಳೂರಿನ ಈ ಉತ್ತರ ಭಾಗದಲ್ಲಿ ನೆಲೆನಿಂತಿವೆ. ಬೆಳಗ್ಗೆ ಗಾರೆಯ ಬಾಣಲಿ ಹೊರಲು ಹೊರಟ ತಾಯಿಯನ್ನು ಹನ್ನೊಂದು ಗಂಟೆಯ ಪೋಷಕರ ಸಭೆಗೆ ಕರೆದರೆ, ಅದು ಆ ದಿನದ ಕೂಲಿಯನ್ನು ಬಿಟ್ಟು ಬಾ ಎಂದು ಕರೆದಂತೆ. ಆಕೆ ಬಾರದಿದ್ದರೆ “ಇವರಿಗೆ ಮಕ್ಕಳ ವಿದ್ಯೆಯಲ್ಲಿ ಆಸ್ಥೆಯಿಲ್ಲ” ಎಂಬ ಅಪವಾದ ಬೇರೆ. ಆಸ್ಥೆಯಿಲ್ಲದವರು ಮಗುವಿಗೆ ತಲೆ ಬಾಚಿ, ಚೀಲ ಹೆಗಲಿಗೇರಿಸಿ ಕಳುಹಿಸುತ್ತಿದ್ದರೇ?

ಸಭೆಗೆ ಬಂದವರಿಗಾದರೂ ತಿಳಿಯುವುದೇನು? ಸರ್ಕಾರಿ ಕನ್ನಡ ಶಾಲೆಗಳ ಮೊದಲ ತರಗತಿಗಳಲ್ಲಿ ನಲಿ–ಕಲಿ ಪದ್ಧತಿಯುಂಟು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊಳೆತು, ರಿಷಿವ್ಯಾಲಿಯ ಪ್ರಯೋಗದಿಂದ ಸ್ಫೂರ್ತಿ ಪಡೆದು, ಅನಂತರ ರಾಜ್ಯವನ್ನೆಲ್ಲ ವ್ಯಾಪಿಸಿದ ಪದ್ಧತಿಯಿದು. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗೂಡಿ, ಚಿತ್ರದ ಗುರುತುಳ್ಳ ಕಾರ್ಡುಗಳನ್ನು ಹಿಡಿದು, ತಮ್ಮ ತಮ್ಮ ವೇಗಕ್ಕೆ ತಕ್ಕಂತೆ ಕಲಿಕೆಯ ಏಣಿಯನ್ನು ಏರುತ್ತಾರೆ. ಅಕ್ಷರಾಭ್ಯಾಸವು ಅ, ಆ, ಇ, ಈ ಎಂದು ಆರಂಭವಾಗುವುದಿಲ್ಲ. ರ, ಗ, ಸ, ದ, ಅ ಎಂದು ಆರಂಭವಾಗುತ್ತದೆ. ಈ ಐದು ಅಕ್ಷರ ಬಂದೊಡನೆ ಮಗು ‘ಸರ’, ‘ಅರಸ’, ‘ಗರಗಸ’ ಎಂಬ ಪದಗಳನ್ನು ತಾನೇ ಓದಬಲ್ಲುದು. ಯುಕ್ತಿ ಸೊಗಸಾದುದು. ಆದರೆ ಮನೆಯಲ್ಲಿ ತಂದೆಯು “ಅ ಆ ಇ ಈ ಹೇಳು” ಎಂದಾಗ ಮಗು ಎರಡನೆಯ ಅಕ್ಷರಕ್ಕೇ ತಡವರಿಸಿದರೆ, ಆತನ ತೀರ್ಮಾನವೇನು? ಶಾಲೆಯಲ್ಲಿ ಏನನ್ನೂ ಹೇಳಿಕೊಡುತ್ತಿಲ್ಲವೆಂದು. ‘ಗರಗಸ’ವನ್ನು ಓದಬಲ್ಲ ಮಗು ದಡ್ಡನೆನಿಸಿಕೊಳ್ಳುತ್ತದೆ, ಮರುವರ್ಷ ಸಾಲ ಮಾಡಿಯಾದರೂ ಅದನ್ನು ಬೇರೆ ಶಾಲೆಗೆ ಸೇರಿಸುತ್ತಾರೆ. ಮಗುವು ಎಲ್ಲಿಯವರೆಗೆ ಬಂದಿದೆಯೆಂಬುದನ್ನು ತೋರಿಸುವ ಪ್ರಗತಿ ನೋಟದ ಪಟ್ಟಿ ಆ ಕೋಣೆಯಲ್ಲಿಯೇ ಇರುತ್ತದೆ. ಅದನ್ನು ಓದುವ ಬಗೆಯನ್ನು ಹತ್ತು ನಿಮಿಷ ಕುಳಿತು ವಿವರಿಸಿದ್ದರೆ ಈ ಅನರ್ಥವು ತಪ್ಪುತ್ತಿತ್ತು.

ಇನ್ನು ಆ ಬೇರೆ ಶಾಲೆಯ ಸ್ಥಿತಿಯೇನು? ಅಲ್ಲಿಂದ ದಿನವೂ ದಿನಚರಿಯ ಪುಸ್ತಕ ಬರುತ್ತದೆ, ದೂರವಾಣಿಗೆ ಸಂದೇಶ ಬರುತ್ತದೆ, ಎಲ್ಲವೂ ಇಂಗ್ಲಿಷಿನಲ್ಲಿ. ತಾಯಿಯು ಓದಲಾರದ ಬರಹದ ಕೆಳಗೆ ರುಜು ಹಾಕಿ ಕಳುಹಿಸುತ್ತಾಳೆ. ಪ್ರಾಥಮಿಕ ಹಂತದಲ್ಲಿ ಸರ್ಕಾರವು ಮಾತೃಭಾಷೆಯ ಮಾಧ್ಯಮವನ್ನು ಹೇರಲಾಗದೆಂದು ಸರ್ವೋಚ್ಚ ನ್ಯಾಯಾಲಯವು 2014ರ ಮೇ 6ರಂದು ತೀರ್ಪಿತ್ತಿತು. ಕಲಿಕೆಯ ಮಾಧ್ಯಮದ ಆ ವಾದ ಹಾಗಿರಲಿ. ಆದರೆ ಮಗುವಿನ ವರದಿಯನ್ನು ತಾಯಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಡಿರೆಂದು ಯಾವ ನ್ಯಾಯಾಲಯವೂ ಹೇಳಿಲ್ಲ. ಅರ್ಥವಾಗದ ವರದಿಯು ವರದಿಯೇ ಅಲ್ಲ.

ನಮ್ಮ ಹಿರಿಯರ ಕೂಲಿಮಠಗಳಲ್ಲಿ ದೋಷಗಳು ಬಹಳವಿದ್ದುವು. ಬೆತ್ತವಿತ್ತು, ಎಲ್ಲರಿಗೂ ಪ್ರವೇಶವಿರಲಿಲ್ಲ. ಆದರೂ ಮಹಾನವಮಿಯ ದಿನಗಳಲ್ಲಿ ಮಠದ ಹುಡುಗರು ಅಯ್ಯನವರೊಡನೆ ಮನೆಮನೆಗೆ ಹೋಗಿ ಚೌಪದಗಳನ್ನು ಹಾಡುವ ರೂಢಿಯಿತ್ತು. ಗುರುವಿಗೆ ಕಾಣಿಕೆ ಸಲ್ಲುತ್ತಿತ್ತು. ಹುಡುಗನ ಬಾಯಲ್ಲಿ ವಿದ್ಯೆ ಎಷ್ಟು ನಿಂತಿದೆಯೆಂಬುದು ಓದುಬಾರದ ಅಜ್ಜಿಗೂ ಜಗಲಿಯ ಮೇಲೆ ಕುಳಿತಲ್ಲಿಯೇ ತಿಳಿಯುತ್ತಿತ್ತು. ವಿದ್ಯೆಯು ಮನೆಯ ಬಾಗಿಲಿಗೆ ಬಂದು ತನ್ನನ್ನು ತೋರಿಸಿಕೊಳ್ಳುತ್ತಿತ್ತೆಂಬ ಆ ಗುಣವನ್ನು ಮಾತ್ರ ನಾವು ಮರಳಿ ಪಡೆಯಬೇಕು. 2005ರಿಂದ ‘ಪ್ರಥಮ್’ ಸಂಸ್ಥೆಯು ಗ್ರಾಮಾಂತರಗಳಲ್ಲಿ ನಡೆಸುತ್ತ ಬಂದಿರುವ ‘ಅಸರ್’ ಸಮೀಕ್ಷೆಯು ಮಗುವಿನ ಮನೆಯಲ್ಲಿಯೇ ಅಕ್ಷರ, ಪದ, ಸಣ್ಣ ವಾಕ್ಯಗಳು, ಕಥೆ ಎಂಬ ಕ್ರಮದಲ್ಲಿ ಓದಿಸಿ ನೋಡುವುದು ಇದೇ ದಾರಿಯದು.

ಉಪಾಧ್ಯಾಯರ ಕಷ್ಟವನ್ನು ನಾವು ಅರಿಯದವರಲ್ಲ. ಬಿಸಿಯೂಟದ ಲೆಕ್ಕ, ಗಣತಿ, ಚುನಾವಣೆ, ಮುಗಿಯದ ದಾಖಲೆಗಳ ಭರ್ತಿ, ಇವೆಲ್ಲ ಅವರ ತಲೆಯ ಮೇಲಿವೆ. ಇದರ ಮೇಲೆ ಹೊಸದೊಂದು ನಮೂನೆಯನ್ನು ಹೇರಿರೆಂದು ನಾವು ಹೇಳುವುದಿಲ್ಲ. ಒಂದೆರಡನ್ನು ಇಳಿಸಿ, ಆ ವೇಳೆಯನ್ನು ಹೆತ್ತವರಿಗೆ ಕೊಡಿಸಿರೆಂದು ಇಲಾಖೆಯನ್ನು ಕೇಳುತ್ತೇವೆ.

ನಾವು ಸೂಚಿಸುವುದು ಇಷ್ಟೆ. ತಿಂಗಳಿಗೊಮ್ಮೆ, ಸಂಜೆಯಲ್ಲಿಯೋ ಭಾನುವಾರದಲ್ಲಿಯೋ, ಪ್ರತಿ ಮನೆಯವರಿಗೆ ಹತ್ತು ನಿಮಿಷ ಸಿಕ್ಕಲಿ; ಭಾನುವಾರ ಬಂದ ಉಪಾಧ್ಯಾಯರಿಗೆ ಬದಲಿ ರಜೆ ದೊರೆಯಲಿ. ಮಗುವು ಎದುರಿಗೇ ಓದಿ ತೋರಿಸಲಿ. ಅಂಕವನ್ನೋ ಶ್ರೇಣಿಯನ್ನೋ ಹೇಳುವುದರ ಬದಲು, “ನಿಮ್ಮ ಮಗಳು ಸರಳ ಪದಗಳನ್ನು ಓದುತ್ತಾಳೆ; ಒತ್ತಕ್ಷರ ಬಂದಲ್ಲಿ ನಿಲ್ಲುತ್ತಾಳೆ; ರಾತ್ರಿ ಊಟವಾದ ಮೇಲೆ ಅವಳಿಂದ ಒಂದು ಪುಟ ಓದಿಸಿ ಕೇಳಿ” ಎಂದು ಹೇಳಲಿ. ಕೇಳಲು ಓದುಬರಹ ಬೇಕಿಲ್ಲ, ಕಿವಿ ಸಾಕು. ಹಿಂದುಳಿದ ಮಗುವಿನ ಮಾತನ್ನು ಹತ್ತು ಜನರೆದುರು ಆಡಬಾರದು. ಹೆತ್ತವರಿಂದಲೂ ಕೇಳಿ ತಿಳಿಯಬೇಕು: ಮಗುವಿಗೆ ಕಣ್ಣು ಮಂದವೇ, ಸುಗ್ಗಿಗೆ ಊರಿಗೆ ಹೋಗುವುದುಂಟೆ, ಮನೆಮಾತು ಯಾವುದು ಎಂಬುದನ್ನು ಅವರಲ್ಲದೆ ಮತ್ತಾರು ಹೇಳಬಲ್ಲರು?

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು 2001ರ ಸರ್ಕಾರಿ ಆಜ್ಞೆಯಿಂದ ನಮ್ಮಲ್ಲಿ ಇವೆ. ಗೋಡೆ, ಗಂಟೆ, ನೀರಿನ ತೊಟ್ಟಿಗಳ ವಿಚಾರದ ಜೊತೆಗೆ ಈ ವಿಚಾರವನ್ನೂ ಅವು ಕೈಗೆತ್ತಿಕೊಳ್ಳಲಿ. ಮೂರನೆಯ ತರಗತಿ ಮುಗಿಯುವುದರೊಳಗೆ ಎಲ್ಲ ಮಕ್ಕಳಿಗೂ ಓದು ಲೆಕ್ಕಗಳು ಬರಬೇಕೆಂದು 2021ರಲ್ಲಿ ಕೇಂದ್ರ ಸರ್ಕಾರವು ಸಾರಿದ್ದು ಸುಮ್ಮನೆಯಲ್ಲ. ಓದಲು ಕಲಿಯುವ ಕಾಲ ಅಷ್ಟರಲ್ಲಿ ತೀರುತ್ತದೆ; ಅನಂತರ ಓದಿ ಕಲಿಯಬೇಕು. ಅಷ್ಟರಲ್ಲಿ ಹಿಂದೆ ಬಿದ್ದ ಮಗುವನ್ನು ಪುಸ್ತಕವು ಕಾಯುವುದಿಲ್ಲ. ಏಳನೆಯ ತರಗತಿಯಲ್ಲಿ ಆ ತಾಯಿಗೆ ಸತ್ಯ ತಿಳಿದರೆ ಅಳುವುದೊಂದೇ ಉಳಿಯುತ್ತದೆ. ಒಂದನೆಯದರಲ್ಲಿಯೇ ತಿಳಿದರೆ ಮಾಡುವುದು ಬೇಕಾದಷ್ಟಿದೆ. ಆಕೆಗೆ ಅದನ್ನು ಕಾಲಕ್ಕೆ ಸರಿಯಾಗಿ ತಿಳಿಸುವುದು ಯಾರ ಉಪಕಾರವೂ ಅಲ್ಲ, ಆಕೆಗೆ ಸಲ್ಲಬೇಕಾದ ಋಣ.