ದಾಬೋಲಿಂನಿಂದ ತಪ್ಪಿಸಿಕೊಂಡ ಎರಡು ವಿಮಾನ

1961ರ ಡಿಸೆಂಬರ್ 18ರ ಬೆಳಿಗ್ಗೆ ಭಾರತೀಯ ವಾಯುಪಡೆಯ ಹನ್ನೆರಡು ಕ್ಯಾನ್‌ಬೆರಾ ವಿಮಾನಗಳು ಪೋರ್ಚುಗೀಸರ ಕೈಲಿದ್ದ ಗೋವೆಯ ದಾಬೋಲಿಂ ರನ್‌ವೇ ಮೇಲೆ ಸುಮಾರು 28 ಟನ್ ಬಾಂಬು ಸುರಿದವು. ಮುಂದಾಳು ವಿಂಗ್ ಕಮಾಂಡರ್ ಎನ್.ಬಿ. ಮೆನನ್. ಬೆನ್ನಿಗೇ ಇನ್ನೂ ಎಂಟು ವಿಮಾನ ಬಂದು ಅದೇ ಕೆಲಸ ಮುಂದುವರಿಸಿದವು. ಟರ್ಮಿನಲ್ ಕಟ್ಟಡವನ್ನು ಮಾತ್ರ ಮುಟ್ಟಲಿಲ್ಲ. ಅಲ್ಲೇ ನಿಂತಿದ್ದ ಎರಡು ನಾಗರಿಕ ವಿಮಾನಗಳೂ ಬದುಕಿದವು: ಒಂದು ಸೂಪರ್ ಕಾನ್‌ಸ್ಟಲೇಷನ್, ಇನ್ನೊಂದು ಡಿಸಿ-4. ರನ್‌ವೇಯೇ ಕಿತ್ತುಹೋದ ಮೇಲೆ ಅವು ಹೋಗುವುದಾದರೂ ಎಲ್ಲಿಗೆ?

ಹೋದವು. ಕತ್ತಲಾದ ಮೇಲೆ ಪೋರ್ಚುಗೀಸರು ಗುಂಡಿಗಳನ್ನು ತರಾತುರಿಯಲ್ಲಿ ಮುಚ್ಚಿ, ಅಧಿಕಾರಿಗಳ ಕುಟುಂಬಗಳನ್ನು ಹತ್ತಿಸಿಕೊಂಡು ಎರಡನ್ನೂ ಹಾರಿಸಿಯೇ ಬಿಟ್ಟರು. ಎರಡೂ ಕರಾಚಿ ಸೇರಿದವು. ಮರುದಿನ ಸಂಜೆ ಗವರ್ನರ್ ಜನರಲ್ ವಸ್ಸಾಲೊ ಇ ಸಿಲ್ವಾ ಶರಣಾದರು.

ಕರಾಚಿ ಅವರಿಗೆ ಹಳೆಯ ದಾರಿ. ಭಾರತ ಗೋವೆಯ ಗಡಿ ಬಿಗಿ ಮಾಡಿದ ಕಾಲದಲ್ಲಿ, 1955ರಲ್ಲಿ, ಕರಾಚಿಯಂಥ ದಾರಿಗಳ ಮೂಲಕ ಹೊರಜಗತ್ತಿನ ಸಂಪರ್ಕ ಉಳಿಸಿಕೊಳ್ಳಲೆಂದೇ ಪೋರ್ಚುಗೀಸರು ದಾಬೋಲಿಂ ನಿಲ್ದಾಣ ಕಟ್ಟಿದ್ದು.

ರಾಯಚೂರಿನವರಿಗೆ ಈ ಪೋರ್ಚುಗೀಸರು ಹೊಸಬರೇನಲ್ಲ. 1520ರಲ್ಲಿ ಕೃಷ್ಣದೇವರಾಯ ಆದಿಲಶಾಹಿಗಳಿಂದ ರಾಯಚೂರು ಕೋಟೆ ಕಸಿದುಕೊಂಡಾಗ, ಕೋಟೆಗೋಡೆಯ ಮೇಲಿದ್ದವರನ್ನು ಕೋವಿಯಿಂದ ಹೊಡೆದು ಉರುಳಿಸಿದ್ದು ಕ್ರಿಸ್ತೋವಾವೊ ದೆ ಫಿಗೆರೆದೊನ ಪೋರ್ಚುಗೀಸ್ ತಂಡ.

ಗೋವೆ ವಿಮೋಚನೆಯಲ್ಲಿ ಕರ್ನಾಟಕದ ಪಾಲನ್ನು ನೆನೆಯುವವರು ಕಡಿಮೆ. ಬಾಂಬೋಲಿಂನ ವೈರ್‌ಲೆಸ್ ಕೇಂದ್ರವನ್ನು ಹೊಡೆದ ಹಂಟರ್ ವಿಮಾನಗಳು ಏರಿದ್ದು ಬೆಳಗಾವಿಯ ಸಾಂಬ್ರಾದಿಂದ. ಕಾರವಾರದೆದುರಿನ ಅಂಜುದೀವ್ ದ್ವೀಪಕ್ಕಾಗಿ ನೌಕಾಪಡೆಯ ಏಳು ಮಂದಿ ಪ್ರಾಣ ತೆತ್ತರು.

ಈಗ ದಾಬೋಲಿಂನಲ್ಲಿರುವ ನೌಕಾಪಡೆಯ ವಿಮಾನ ನೆಲೆ ಐಎನ್‌ಎಸ್ ಹಂಸ ಹುಟ್ಟಿದ್ದು ಕಡಲೇ ಕಾಣದ ಸೂಲೂರಿನಲ್ಲಿ, ಕೊಯಮತ್ತೂರಿನ ಹತ್ತಿರ, 1961ರ ಸೆಪ್ಟೆಂಬರ್ 5ರಂದು. 1962ರಲ್ಲಿ ದಾಬೋಲಿಂ ನೌಕಾಪಡೆಯ ಕೈಗೆ ಬಂತು. 1964ರಲ್ಲಿ ಹಂಸ ಅಲ್ಲಿಗೆ ಸ್ಥಳಾಂತರಗೊಂಡಿತು. ಆಗಿನ ವಿಮಾನವಾಹಕ ನೌಕೆ ವಿಕ್ರಾಂತ್‌ನ ಸೀ ಹಾಕ್ ಮತ್ತು ಅಲಿಝೆ ವಿಮಾನಗಳಿಗೆ ದಡದ ಮನೆ ಇದೇ ಆಗಿತ್ತು. 1983ರಲ್ಲಿ ಬಂದ ಸೀ ಹ್ಯಾರಿಯರ್‌ಗಳು 2016ರಲ್ಲಿ ನಿವೃತ್ತಿಯಾದವು. ಅಷ್ಟರಲ್ಲಿ ಮಿಗ್-29ಕೆ ಬಂದಾಗಿತ್ತು.

ಹಡಗಿನ ಡೆಕ್ಕಿನ ಅಣಕು ಇಲ್ಲಿ ನೆಲದ ಮೇಲೇ ಇದೆ: ತುದಿಯಲ್ಲಿ ಮೇಲಕ್ಕೆ ಬಾಗಿದ ಓಟದ ಹಾದಿ, ಅಡ್ಡಕ್ಕೆ ಬಿಗಿದ ಉಕ್ಕಿನ ಹಗ್ಗ. ಇಳಿಯುವ ವಿಮಾನದ ಬಾಲದ ಕೊಕ್ಕೆ ಆ ಹಗ್ಗಕ್ಕೆ ಸಿಕ್ಕಿಕೊಳ್ಳಬೇಕು. ಸಿಕ್ಕದಿದ್ದರೆ ಪೈಲಟ್ ಮತ್ತೆ ಮೇಲೇಳಬೇಕು. ಬೆಂಗಳೂರಿನಲ್ಲಿ ರೂಪುಗೊಂಡ ತೇಜಸ್ ಯುದ್ಧವಿಮಾನದ ನೌಕಾ ಮಾದರಿ 2019ರ ಸೆಪ್ಟೆಂಬರ್ 13ರಂದು ಮೊದಲ ಬಾರಿ ಹೀಗೆ ಕೊಕ್ಕೆ ಹಾಕಿ ನಿಂತದ್ದು ಇಲ್ಲೇ.

ಗೋವೆಗೆ ಹೋಗುವ ಪ್ರವಾಸಿಗರಿಗೆ ಇದಾವುದೂ ಗೊತ್ತಿರುವುದಿಲ್ಲ. ನೌಕಾಪಡೆಯ ತಾಲೀಮಿಗೆಂದು ಬೆಳಗಿನ ಹೊತ್ತು ನಾಗರಿಕ ಹಾರಾಟ ನಿಲ್ಲಿಸಿದರೆ ಗೊಣಗುತ್ತಾರೆ. ನೌಕಾಪಡೆಯ ಮನೆಯಲ್ಲಿ ನಾವು ಬಾಡಿಗೆದಾರರು ಎಂಬುದು ನೆನಪಿದ್ದರೆ ಸಾಕಿತ್ತು! ಬೋಗ್ಮಾಲೊದ ನೌಕಾ ವಿಮಾನ ಸಂಗ್ರಹಾಲಯದ ಅಂಗಳದಲ್ಲಿ ಒಂದು ಸೂಪರ್ ಕಾನ್‌ಸ್ಟಲೇಷನ್ ಇದೆ. ಆ ರಾತ್ರಿ ಪರಾರಿಯಾದದ್ದಲ್ಲ, ಅದೇ ಜಾತಿಯದು. ಏರ್ ಇಂಡಿಯಾ, ವಾಯುಪಡೆ ದಾಟಿ ನೌಕಾಪಡೆಗೆ ಬಂದದ್ದು.

ಇನ್ನು ನಮ್ಮ ಕರಾವಳಿ. ಕಾರವಾರದ ಸೀಬರ್ಡ್ ನೌಕಾನೆಲೆ ಯೋಜನೆಗೆ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದ್ದು 1986ರಲ್ಲಿ, ಅಲ್ಲಿನ ನೆಲೆ ಐಎನ್‌ಎಸ್ ಕದಂಬ ಸೇವೆಗೆ ಸೇರಿದ್ದು 2005ರಲ್ಲಿ. ಅದರ ಜೊತೆಗಿರಬೇಕಾದ ವಿಮಾನ ನೆಲೆಗೆ ಅಂಕೋಲಾದ ಅಲಗೇರಿಯನ್ನು ಗುರುತಿಸಿ ವರ್ಷಗಳೇ ಸಂದಿವೆ. ಕಾರವಾರದ ಕಡಲತೀರಕ್ಕೆ ಈಚೆಗೆ ನೌಕಾಪಡೆಯ ನಿವೃತ್ತ ಟುಪೊಲೆವ್ ವಿಮಾನವೊಂದು ಪ್ರದರ್ಶನಕ್ಕೆಂದು ಬಂದಿದೆ. ಅದರ ಬಳಗ 1988ರಲ್ಲಿ ದಾಬೋಲಿಂಗೆ ಹಾರಿಕೊಂಡೇ ಬಂದಿತ್ತು. ಕಾರವಾರಕ್ಕೆ ಮಾತ್ರ ಈ ವಿಮಾನ ತಮಿಳುನಾಡಿನ ಅರಕ್ಕೋಣಂನಿಂದ ಬಿಡಿಭಾಗಗಳಾಗಿ ಲಾರಿಯಲ್ಲಿ ಬಂತು.