ಬೆಣ್ಣೆಯೋ, ಗಂಧವೋ?

"ಎರಡೂ ಒಂದೇ ಅಲ್ವೇನಮ್ಮಾ? ಒಂದು ಹೇಳಿಬಿಡಿ, ನಾಳೆ ಡಬ್ಬಿ ತರಬೇಕು" ಎಂದರು ಪೇಂಟರ್. ಶೇಡ್ ಕಾರ್ಡಿನಲ್ಲಿ ಅಂಚೆಚೀಟಿಯಷ್ಟೇ ಅಗಲದ ಎರಡು ಚೌಕ: ಒಂದು ಬೆಣ್ಣೆ ಬಣ್ಣ, ಇನ್ನೊಂದು ಗಂಧದ ಬಣ್ಣ. ನನಗೂ ಒಂದೇ ಕಂಡವು. ಎರಡನ್ನೂ ಬಿಳಿ ಹಾಳೆಯ ಮೇಲಿಟ್ಟು ನೋಡಿದಾಗ ಗುಟ್ಟು ರಟ್ಟಾಯಿತು. ಬೆಣ್ಣೆಯ ಒಳಗೆ ಹಳದಿ ಮಣ್ಣು ಅಡಗಿತ್ತು, ಗಂಧದ ಒಳಗೆ ಕೆಮ್ಮಣ್ಣು.

ಹಳದಿ ಮಣ್ಣೂ ಕೆಮ್ಮಣ್ಣೂ ದಾಯಾದಿಗಳೇ. ಎರಡಕ್ಕೂ ಬಣ್ಣ ಕೊಡುವುದು ಕಬ್ಬಿಣ. ಹಳದಿ ಮಣ್ಣನ್ನು ಸುಟ್ಟರೆ ಅದರೊಳಗಿನ ನೀರು ಹೋಗಿ ಕೆಂಪಾಗುತ್ತದೆ. ಆದರೆ ಗೋಡೆಗೆ ಬಂದಾಗ ದಾಯಾದಿಗಳ ಸ್ವಭಾವ ಬೇರೆ.

ಎರಡರದ್ದೂ 200 ಮಿ.ಲೀ. ಡಬ್ಬಿ ತರಿಸಿದೆ. ಹಳೆಯ ಹಸಿರು ಗೋಡೆಗೇ ಬಳಿದರೆ ಸುತ್ತಲಿನ ಹಸಿರು ಕಣ್ಣನ್ನು ಮೋಸಗೊಳಿಸುತ್ತದೆ. ಅದಕ್ಕೇ ದಪ್ಪ ಡ್ರಾಯಿಂಗ್ ಹಾಳೆಗೆ ಎರಡು ಕೋಟ್ ಬಳಿದು, ಸುತ್ತ ಬಿಳಿ ಅಂಚು ಬಿಟ್ಟು ಒಣಗಿಸಿದೆ. ಎಮಲ್ಷನ್ ಒಣಗಿದ ಮೇಲೆ ತುಸು ಗಾಢವಾಗುತ್ತದೆ, ಹಸಿಯಿದ್ದಾಗ ತೀರ್ಮಾನ ಬೇಡ.

ಮೈಸೂರಿನ ನಮ್ಮ ನಡುಮನೆಗೆ ಇರುವುದು ಉತ್ತರದ ಕಿಟಕಿ ಒಂದೇ. ವರ್ಷದ ಬಹುಪಾಲು ನೇರ ಬಿಸಿಲಿಲ್ಲ, ಬರುವುದು ಆಕಾಶದ ನೀಲಿ ಬೆರೆತ ತಣ್ಣನೆಯ ಬೆಳಕು. ಬೆಳಿಗ್ಗೆ ಆ ಬೆಳಕಲ್ಲಿ ಗಂಧವೇ ಚೆಂದ, ಬೆಣ್ಣೆ ಸಪ್ಪೆ. ಮಧ್ಯಾಹ್ನ ಆಟ ಬದಲಾಯಿತು. ನಮ್ಮದು ರೆಡ್ ಆಕ್ಸೈಡ್ ನೆಲ. ಅದಕ್ಕೆ ತಾಗಿದ ಬೆಳಕು ಕೆಂಪಾಗಿ ಗೋಡೆಗೆ ಮರಳಿ, ಗಂಧದ ಹಾಳೆಯ ಕೆಳಭಾಗ ಗುಲಾಬಿಯಾಯಿತು. ಬೆಣ್ಣೆ ಮಾತ್ರ ಅದೇ ಕೆಂಪನ್ನು ಕುಡಿದು ಹದವಾಯಿತು. ಇನ್ನು ನಾಲ್ಕೂ ಗೋಡೆ ಬಳಿದರೆ ಒಂದರ ಬಣ್ಣ ಇನ್ನೊಂದಕ್ಕೆ ಬಿದ್ದು ಎಲ್ಲವೂ ಕಾರ್ಡಿಗಿಂತ ಗಾಢವೇ. ಗಂಧ ಗುಲಾಬಿಯಾಗಿಯೇ ಉಳಿಯುತ್ತಿತ್ತು.

ರಾತ್ರಿ ಟ್ಯೂಬ್‌ಲೈಟ್ ಹಾಕಿದರೆ ಬೆಣ್ಣೆಗೂ ಗ್ರಹಚಾರ, ಹಸಿರು ಛಾಯೆ! ಟ್ಯೂಬಿನ ಮೇಲೆ 6500ಕೆ ಎಂದಿತ್ತು. ಈ ಅಂಕಿ ಹೆಚ್ಚಿದಷ್ಟೂ ಬೆಳಕು ನೀಲಿಗೆ ವಾಲುತ್ತದೆ. 2700ಕೆ ಬಲ್ಬ್ ಹಾಕಿದೆ, ಬೆಣ್ಣೆ ಕರಗಿದ ಹಾಗೆ ಬೆಚ್ಚಗಾಯಿತು. ಬಲ್ಬ್ ಬದಲಿಸುವುದು ಗೋಡೆ ಬದಲಿಸುವುದಕ್ಕಿಂತ ಅಗ್ಗ.

ನಡುಮನೆಗೆ ಬೆಣ್ಣೆಯೇ ಗೆದ್ದಿತು. ಉಳಿದ ಗಂಧದ ಬಣ್ಣವನ್ನು ಪೇಂಟರ್ ಎಸೆಯಲು ಹೊರಟಿದ್ದರು. ತಡೆದು ದೇವರ ಗೂಡಿನ ಒಳಗೋಡೆಗೆ ಬಳಿಸಿದೆ. ಅಲ್ಲಿ ಕೆಂಪು ನೆಲವಿಲ್ಲ, ಉತ್ತರದ ಕಿಟಕಿಯಿಲ್ಲ, ಎಣ್ಣೆದೀಪವೊಂದೇ. ಸಂಜೆ ಬತ್ತಿ ಹಚ್ಚಿದಾಗ ಆ ಗಂಧದ ಎದುರು ನಮ್ಮ ಬೆಣ್ಣೆ ಸೋಲುತ್ತದೆ.